ಇರುವ ಜೋಡಿಗೆ ಮೂರನೇ ಗಿನಿ ಪಿಗ್ ಸೇರಿಸುವುದು ಹೇಗೆ? (ಮೈಸೂರು, ಮಂಡ್ಯದವರು ದಯವಿಟ್ಟು ಹೇಳಿ)

ಎಳ್ಳುಬೆಲ್ಲ_ಕುವೆಂಪುನಗರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಎರಡು ಗಿನಿ ಪಿಗ್ ಇವೆ, ಎಳ್ಳು ಮತ್ತು ಬೆಲ್ಲ. ಎರಡೂ ಹೆಣ್ಣು, ಅಕ್ಕ ತಂಗಿ, ಎರಡು ವರ್ಷ ದಾಟಿದೆ. ಮರಿಯಿಂದ ಒಟ್ಟಿಗೇ ಬೆಳೆದಿವೆ. ಒಂದೇ ಮೂಲೆಯಲ್ಲಿ ಮಲಗುತ್ತವೆ, ಒಂದು ಕಣ್ಣಿಗೆ ಕಾಣದಿದ್ದರೆ ಇನ್ನೊಂದು ಕೂಗಿ ಕರೆಯುತ್ತದೆ.

ಈಗ ಪಕ್ಕದ ರಸ್ತೆಯವರಿಗೆ ಪುಣೆಗೆ ವರ್ಗವಾಗಿದೆ. ಅವರ ಹತ್ತಿರ ಒಂದೇ ಒಂದು ಗಿನಿ ಪಿಗ್ ಇದೆ, ಸುಮಾರು ಐದು ತಿಂಗಳಿನದು. ಜೊತೆಗೆ ಕರೆದುಕೊಂಡು ಹೋಗಲು ಆಗುವುದಿಲ್ಲ, ನೀವೇ ಇಟ್ಟುಕೊಳ್ಳಿ ಎಂದು ಕೇಳುತ್ತಿದ್ದಾರೆ. ಹೆಣ್ಣು ಎನ್ನುತ್ತಾರೆ. ಮಕ್ಕಳು ಆಗಲೇ ಕೊಬ್ಬರಿ ಎಂದು ಹೆಸರೂ ಇಟ್ಟುಬಿಟ್ಟಿದ್ದಾರೆ.

ನನ್ನ ಭಯ ಒಂದೇ. ಹೊಸದು ಬಂದು ಹಳೆಯ ಜೋಡಿಯೇ ಒಡೆದುಹೋದರೆ? ವಿಡಿಯೋಗಳಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಬ್ಬರು ಸೀದಾ ಗೂಡಿಗೆ ಬಿಡಿ ಎನ್ನುತ್ತಾರೆ, ಇನ್ನೊಬ್ಬರು ತಿಂಗಳುಗಟ್ಟಲೆ ಕಾಯಿರಿ ಎನ್ನುತ್ತಾರೆ. ಅದೂ ಅಲ್ಲದೆ ಯುಗಾದಿ ಹತ್ತಿರ ಬಂತು, ಬಿಸಿಲು ಏರುತ್ತಿದೆ. ನಮ್ಮ ಕಡೆ ಸಾಕಿ ಗೊತ್ತಿರುವವರು ಹೇಳಿದರೆ ಧೈರ್ಯ ಬರುತ್ತದೆ.

ವಿಜಯನಗರ_ಮೂರನೇಹಂತ

ಮೇಡಂ, ಇರುವ ಜೋಡಿ ಚೆನ್ನಾಗಿದೆ ಅಂದಮೇಲೆ ಸುಮ್ನೆ ಯಾಕೆ ಕೈ ಹಾಕುತ್ತೀರಿ? ಎರಡಕ್ಕೆ ಎರಡು ಸಾಕು. ಬೇರೆ ಯಾರಾದರೂ ಸಾಕುವವರು ಸಿಗುತ್ತಾರೆ, ಅವರಿಗೆ ಕೊಡಿಸಿ.

ಹುಲ್ಲುಮೆದೆ_ಮಂಡ್ಯ

ವಿಜಯನಗರದವರು ಹೇಳಿದ್ದರಲ್ಲಿ ಅರ್ಧ ನಿಜ. ಎಳ್ಳು ಬೆಲ್ಲಕ್ಕೆ ಮೂರನೆಯದರ ಅಗತ್ಯ ಇಲ್ಲ. ಆದರೆ ಆ ಒಂಟಿ ಮರಿಗೆ ಜೊತೆ ಬೇಕೇ ಬೇಕು. ಗಿನಿ ಪಿಗ್ ಗುಂಪಿನ ಪ್ರಾಣಿ. ಸ್ವಿಟ್ಜರ್ಲೆಂಡಿನಲ್ಲಂತೂ 2008ರಿಂದ ಒಂಟಿಯಾಗಿ ಸಾಕುವುದೇ ಕಾನೂನಿಗೆ ವಿರುದ್ಧ. ಐದು ತಿಂಗಳಿನ ಮರಿ ಒಂಟಿಯಾಗಿ ಬೆಳೆಯುತ್ತಿದೆ ಎಂದು ಓದಿದಾಗಲೇ ಮನಸ್ಸಿಗೆ ಕಷ್ಟವಾಯಿತು ನನಗೆ. ತಂದುಕೊಳ್ಳಿ ಮೇಡಂ. ಹೆಣ್ಣುಗಳ ಗುಂಪು ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ಎಳೆಯದಾದರೆ ಇನ್ನೂ ಸುಲಭ, ದೊಡ್ಡವಕ್ಕೆ ಎದುರು ನಿಲ್ಲುವ ಹಟ ಅದಕ್ಕೆ ಕಡಿಮೆ.

ಆದರೆ ಒಂದು ಮಾತು. ಕೊಬ್ಬರಿ ಹೆಣ್ಣೇ ಎಂದು ಗೊತ್ತಿರುವವರು ಹಿಡಿದು ನೋಡುವವರೆಗೆ ಅವರಿವರ ಮಾತು ನಂಬಬೇಡಿ. ನಮ್ಮ ಬೀದಿಯಲ್ಲೇ ಎರಡು ಹೆಣ್ಣು ಎಂದು ಅಂಗಡಿಯಿಂದ ತಂದರು. ಒಂದು ಗಂಡು. ಗಂಡು ಮರಿ ಮೂರು ವಾರಕ್ಕೇ ಗರ್ಭ ಕಟ್ಟಿಸಬಲ್ಲದು. ಹೆಣ್ಣಿಗೆ ಬಸಿರು 59ರಿಂದ 72 ದಿನ. ಹೆತ್ತ ಕೆಲವೇ ಗಂಟೆಯಲ್ಲಿ ಮತ್ತೆ ಬಸಿರಾಗಬಹುದು. ಅವರ ಮನೆಯ ಪಾಡು ನೀವೇ ಊಹಿಸಿ.

ನಿಮ್ಮ ಮನೆಗೆ ಇದು ಇನ್ನೂ ಗಂಭೀರ ವಿಷಯ. ಹೆಣ್ಣು ಗಿನಿ ಪಿಗ್ ಆರೇಳು ತಿಂಗಳ ಒಳಗೆ ಒಮ್ಮೆಯೂ ಹೆರದಿದ್ದರೆ ಅದರ ಸೊಂಟದ ಮೂಳೆಯ ಕೂಡುಜಾಗ ಗಟ್ಟಿಯಾಗಿಬಿಡುತ್ತದೆ. ಆಮೇಲೆ ಮೊದಲ ಸಲ ಬಸಿರಾದರೆ ಮರಿ ಹೊರಗೆ ಬರಲು ದಾರಿ ಸಿಗದೆ ತಾಯಿ, ಮರಿ ಎರಡೂ ಸಾಯಬಹುದು. ಎಳ್ಳು ಬೆಲ್ಲಕ್ಕೆ ಎರಡು ವರ್ಷ ದಾಟಿದೆ. ಕೊಬ್ಬರಿ ಗಂಡಾಗಿದ್ದು ಒಂದು ಗಂಟೆ ಇವುಗಳ ಜೊತೆ ಇದ್ದರೂ ಸಾಕು.

ಎಳ್ಳುಬೆಲ್ಲ_ಕುವೆಂಪುನಗರ

ಓದಿ ಎದೆ ಧಸಕ್ಕೆಂದಿತು ಅಕ್ಕ. ಮನೆಯಲ್ಲೇ ನೋಡಿ ಹೇಳಲು ಬರುತ್ತದಾ? ಇಲ್ಲ ಡಾಕ್ಟರ ಹತ್ತಿರವೇ ಹೋಗಬೇಕಾ?

ಪಶುವೈದ್ಯ_ಮೈಸೂರು

ನಾನು ಸಣ್ಣ ಪ್ರಾಣಿಗಳನ್ನು ನೋಡುತ್ತೇನೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಹೆಣ್ಣಿನ ಜನನಾಂಗದ ಭಾಗ ಇಂಗ್ಲಿಷಿನ ವೈ ಅಕ್ಷರದ ಹಾಗೆ ಕಾಣುತ್ತದೆ. ಗಂಡಿನದು ಉಬ್ಬಿದ ಚುಕ್ಕೆಯ ಹಾಗೆ, ಅದರ ಮೇಲೆ ಮೆಲ್ಲಗೆ ಒತ್ತಿದರೆ ಶಿಶ್ನ ಹೊರಬರುತ್ತದೆ. ಐದು ತಿಂಗಳಿಗೆ ಗಂಡಿನ ವೃಷಣಗಳೂ ಎದ್ದು ಕಾಣುತ್ತವೆ, ಗೊಂದಲ ಕಡಿಮೆ. ಮರಿಗಳಲ್ಲೇ ಜಾಸ್ತಿ ತಪ್ಪಾಗುವುದು. ಹೇಗೂ ಒಮ್ಮೆ ವೈದ್ಯರ ಹತ್ತಿರ ತೋರಿಸಬೇಕಲ್ಲ, ಆಗಲೇ ನೋಡಿಸಿಬಿಡಿ. ಹಿಂದೆ ಗಂಡಿನ ಜೊತೆ ಇತ್ತಾ ಎಂದೂ ಹಳೆಯ ಮನೆಯವರನ್ನು ಕೇಳಿ. ಅಂಗಡಿಯಿಂದ ಆಗಷ್ಟೇ ತಂದ ಹೆಣ್ಣು ಬರುವಾಗಲೇ ಬಸಿರಾಗಿರುವುದು ತುಂಬಾ ಸಾಮಾನ್ಯ.

ಎರಡನೆಯದು, ಬೇರೆ ಇಡುವುದು. ಕನಿಷ್ಠ ಎರಡು ವಾರ, ಮೂರು ವಾರವಾದರೆ ಒಳ್ಳೆಯದು. ಬೇರೆ ಗೂಡು ಅಂದರೆ ಸಾಲದು, ಬೇರೆ ಕೋಣೆಯೇ ಆಗಬೇಕು. ಮೊದಲು ಎಳ್ಳು ಬೆಲ್ಲದ ಕೆಲಸ ಮುಗಿಸಿ, ಆಮೇಲೆ ಕೊಬ್ಬರಿಯದು ಮಾಡಿ, ನಂತರ ಸೋಪಿನಿಂದ ಕೈ ತೊಳೆಯಿರಿ. ಬಟ್ಟಲು, ನೀರಿನ ಬಾಟಲಿ, ಹಾಸಿನ ಬಟ್ಟೆ ಅದಲುಬದಲಾಗಬಾರದು.

ನೋಡಬೇಕಾದದ್ದು ಮುಖ್ಯವಾಗಿ ಮೂರು. ಮೂಗು, ಕಣ್ಣು, ಕಿವಿಯ ಸುತ್ತ ದುಂಡಗೆ ಕೂದಲು ಉದುರಿ ಹೊಟ್ಟೆದ್ದಿದ್ದರೆ ಅದು ಹುಳುಕಡ್ಡಿ. ಮನುಷ್ಯರಿಗೂ ಹತ್ತುತ್ತದೆ, ಮಕ್ಕಳಿರುವ ಮನೆಯಲ್ಲಿ ಎಚ್ಚರ. ವಿಪರೀತ ಕೆರೆತ, ಮುಟ್ಟಿದರೆ ಕಿರುಚುವುದು ಇದ್ದರೆ ಕಜ್ಜಿ ಹುಳ. ಅದು ಕಣ್ಣಿಗೆ ಕಾಣುವುದಿಲ್ಲ, ಜಾಸ್ತಿಯಾದರೆ ಕೆರೆತದ ನೋವಿಗೇ ಫಿಟ್ಸ್ ಬರುತ್ತದೆ. ಮೂರನೆಯದು ಸೀನು, ಮೂಗಿನಲ್ಲಿ ಅಂಟು, ಉಸಿರಾಡುವಾಗ ಸದ್ದು. ಬಾರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯಾ ಮೊಲ, ನಾಯಿಗಳಲ್ಲಿ ಯಾವ ಲಕ್ಷಣವನ್ನೂ ತೋರದೆ ಇರಬಲ್ಲದು. ಗಿನಿ ಪಿಗ್‌ಗೆ ಅದೇ ನ್ಯುಮೋನಿಯಾ ಆಗುತ್ತದೆ. ಮೊಲದ ಜೊತೆ ಒಂದೇ ಬೋನಿನಲ್ಲಿ ಇಡಬೇಡಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಕೊನೆಯದಾಗಿ, ದಯವಿಟ್ಟು ಎಲ್ಲರೂ ನೆನಪಿಡಿ. ಮನೆಯಲ್ಲಿ ಉಳಿದಿರುವ ಅಮಾಕ್ಸಿಸಿಲಿನ್, ಆಂಪಿಸಿಲಿನ್‌ನಂಥ ಪೆನಿಸಿಲಿನ್ ಜಾತಿಯ ಔಷಧಿಯನ್ನು ಬಾಯಿಗೆ ಹಾಕಬೇಡಿ. ಗಿನಿ ಪಿಗ್‌ನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಕೆಟ್ಟವು ಹೆಚ್ಚಿ, ವಿಷವೇರಿ ಸಾಯುತ್ತದೆ. ನಾಯಿಗೆ ಕೊಟ್ಟದ್ದನ್ನು ಅಂದಾಜಿನಲ್ಲಿ ಇದಕ್ಕೂ ಕೊಡುವುದು ಬೇಡ. ಗಿನಿ ಪಿಗ್ ನೋಡಿ ಅಭ್ಯಾಸವಿರುವ ವೈದ್ಯರೇ ಬೇಕು. ನಮ್ಮೂರಲ್ಲಿ ಸಿಗದಿದ್ದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು.

ಹೂಟಗಳ್ಳಿ_ಗೃಹಿಣಿ

ಒಂದು ಸುಲಭದ ದಾರಿ ಕೇಳಿದ್ದೇನೆ. ಮೂರನ್ನೂ ಒಟ್ಟಿಗೆ ಬೆಚ್ಚನೆ ನೀರಿನಲ್ಲಿ ಸ್ನಾನ ಮಾಡಿಸಿದರೆ ಎಲ್ಲದಕ್ಕೂ ಒಂದೇ ವಾಸನೆ ಬರುತ್ತದೆ, ಜಗಳ ಆಡುವುದಿಲ್ಲವಂತೆ. ಯಾರಾದರೂ ಮಾಡಿದ್ದೀರಾ?

ಪಶುವೈದ್ಯ_ಮೈಸೂರು

ಬೇಡ ಮೇಡಂ. ನೀರಿನಲ್ಲಿ ಅವು ಒಂದಕ್ಕೊಂದು ಅಂಟಿಕೊಂಡು ಕೂರುವುದು ಭಯಕ್ಕೆ, ಸ್ನೇಹಕ್ಕಲ್ಲ. ಮೈ ಒಣಗಿದ ಮೇಲೆ ಪರಿಚಯ ಮತ್ತೆ ಮೊದಲಿನಿಂದ ಶುರು. ಜೊತೆಗೆ ಶೀತ ಬೇರೆ.

ಹುಲ್ಲುಮೆದೆ_ಮಂಡ್ಯ

ಪೌಡರ್, ವೆನಿಲ್ಲಾ ಎಸೆನ್ಸ್ ಸವರುವುದೂ ಅಷ್ಟೇ. ವಾಸನೆಯಿಂದಲೇ ಅಲ್ವಾ ಅವು ಒಂದನ್ನೊಂದು ಗುರುತು ಹಿಡಿಯುವುದು? ಅದನ್ನೇ ಮುಚ್ಚಿದರೆ ಎಳ್ಳಿಗೆ ಬೆಲ್ಲದ ಗುರುತೂ ಸಿಗುವುದಿಲ್ಲ.

ಎಳ್ಳುಬೆಲ್ಲ_ಕುವೆಂಪುನಗರ

ಕೊಬ್ಬರಿ ನಮ್ಮ ಮನೆಗೆ ಬಂದಳು. ವೈದ್ಯರಿಗೆ ತೋರಿಸಿದೆವು. ಹೆಣ್ಣೇ, ಬಸಿರಿಲ್ಲ. ಆದರೆ ಕಿವಿಯ ಹಿಂದೆ ಕಾಸಿನಗಲ ಕೂದಲು ಉದುರಿತ್ತು. ಹುಳುಕಡ್ಡಿ ಎಂದರು. ಹಳೆಯ ಮನೆಯವರ ಗಮನಕ್ಕೂ ಬಂದಿರಲಿಲ್ಲ. ಬಂದ ದಿನವೇ ಸೀದಾ ಗೂಡಿಗೆ ಬಿಡಿ ಎಂದವರ ಮಾತು ಕೇಳಿದ್ದರೆ ಈಗ ಮೂರಕ್ಕೂ ಔಷಧಿ ಹಚ್ಚಬೇಕಿತ್ತು, ಮಕ್ಕಳಿಗೂ ಇರಬಹುದು.

ಅವಳನ್ನು ಮಹಡಿಯ ಓದುವ ಕೋಣೆಯಲ್ಲಿ ಇಟ್ಟಿದ್ದೇವೆ. ಪೂರ್ತಿ ವಾಸಿಯಾಗುವವರೆಗೆ ಬೇರೆಯೇ ಇರಲಿ ಎಂದು ವೈದ್ಯರು ಹೇಳಿದ್ದಾರೆ. ಒಂಟಿಯಾಗಿ ಕೂರುತ್ತಾಳಲ್ಲ ಎಂದು ಬೇಸರ. ಮಗಳು ಅಲ್ಲೇ ಕೂತು ಪರೀಕ್ಷೆಗೆ ಓದುತ್ತಾಳೆ, ಮುಟ್ಟುವುದಿಲ್ಲ, ಮಾತಾಡಿಸುತ್ತಾಳೆ.

ಅಷ್ಟರೊಳಗೆ ಜಾಗ ಸರಿಮಾಡಿಕೊಳ್ಳೋಣ ಎಂದಿದ್ದೇನೆ. ಈಗ ಇರುವುದು ಅಂಗಡಿಯಲ್ಲಿ ತಂದ ತಂತಿ ಬೋನು, ಎರಡಕ್ಕೇ ಇಕ್ಕಟ್ಟು.

ಗ್ರಿಡ್ಮೇಷ್ಟ್ರು_ಪಾಂಡವಪುರ

ಮೇಡಂ, ತಂತಿ ಬೋನಿಗೆ ಮೂರನೆಯದನ್ನು ಬಿಟ್ಟರೆ ಜಗಳ ಖಂಡಿತ. ಅಂಥ ಜಗಳಕ್ಕೆ ಕಾರಣ ಹೊಸ ಮರಿಯಲ್ಲ, ಇಕ್ಕಟ್ಟು.

ಕಪಾಟು ಮಾಡುವ 14 ಇಂಚಿನ ತಂತಿ ಗ್ರಿಡ್ ಸಿಗುತ್ತವೆ. ಅಗಲಕ್ಕೆ 2, ಉದ್ದಕ್ಕೆ 5 ಜೋಡಿಸಿದರೆ 13 ಚದರ ಅಡಿ ದಾಟುತ್ತದೆ. ಮೂರು ಹೆಣ್ಣಿಗೆ ಅದು ಸಾಕು. ಕೇಬಲ್ ಟೈ ಹಾಕಿ ಬಿಗಿಯಿರಿ. ಅಡಿಗೆ ಸನ್‌ಪ್ಯಾಕ್ ಎಂಬ ಪ್ಲಾಸ್ಟಿಕ್ ಶೀಟ್ ಹಾಸಿ, ಬೋರ್ಡ್ ಬರೆಯುವವರ ಅಂಗಡಿಯಲ್ಲಿ ಅಳತೆಗೆ ಕತ್ತರಿಸಿ ಕೊಡುತ್ತಾರೆ. ಅಂಚು ಆರು ಇಂಚು ಮೇಲಕ್ಕೆ ಮಡಚಿ, ಹುಲ್ಲು ಹೊರಗೆ ಚೆಲ್ಲುವುದಿಲ್ಲ. ಅದರ ಮೇಲೆ ಹಳೆಯ ಟವೆಲ್, ಅದರ ಮೇಲೆ ಫ್ಲೀಸ್ ಎಂಬ ಮೆತ್ತನೆ ಬಟ್ಟೆ. ಬರೀ ತಂತಿಯ ತಳ ಬೇಡ, ಪಾದ ಹುಣ್ಣಾಗುತ್ತದೆ. ಎಲ್ಲವೂ ನೆಲದ ಮಟ್ಟದಲ್ಲೇ ಇರಲಿ. ಎರಡಂತಸ್ತು ಮಾಡಿದರೆ ಮೇಲಿನ ಅಂತಸ್ತು ಲೆಕ್ಕಕ್ಕೆ ಬರುವುದಿಲ್ಲ, ಇವು ಹತ್ತುವ ಪ್ರಾಣಿಯಲ್ಲ, ಓಡುವ ಪ್ರಾಣಿ.

ನನ್ನ ಸಲಹೆ, ಹೊಸ ಗೂಡಿನ ನಡುವೆ ಒಂದು ಸಾಲು ಗ್ರಿಡ್ ಅಡ್ಡ ಹಾಕಿ ಕೆಲವು ದಿನ ಅಕ್ಕಪಕ್ಕ ಇಡಿ. ಮೂಗಿಗೆ ಮೂಗು ತಾಗಿಸಿ ಪರಿಚಯ ಮಾಡಿಕೊಳ್ಳುತ್ತವೆ. ಆಮೇಲೆ ಗ್ರಿಡ್ ತೆಗೆಯಿರಿ.

ಹುಲ್ಲುಮೆದೆ_ಮಂಡ್ಯ

ಗೂಡಿನ ಅಳತೆ ಅಚ್ಚುಕಟ್ಟು ಮೇಷ್ಟ್ರೇ. ಆದರೆ ಕೊನೆಯ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಎರಡು ದಿನ ಅಕ್ಕಪಕ್ಕ ಇಟ್ಟರೆ ತೊಂದರೆಯಿಲ್ಲ. ಜಾಸ್ತಿ ದಿನ ಇಟ್ಟರೆ ಆಚೆ ಬದಿ ನನ್ನದು, ಈಚೆ ಬದಿ ನಿನ್ನದು ಎಂದಾಗಿಬಿಡುತ್ತದೆ. ಆಮೇಲೆ ಗ್ರಿಡ್ ತೆಗೆದರೆ ಇಬ್ಬರಿಗೂ ಪರರು ನುಗ್ಗಿದ ಹಾಗೆ. ಅದಕ್ಕಿಂತ ಯಾರದೂ ಅಲ್ಲದ ಜಾಗದಲ್ಲಿ ಮೊದಲ ಭೇಟಿ ಮಾಡಿಸುವುದು ಒಳ್ಳೆಯದು. ಅಲ್ಲಿ ಕೂಡಿಕೊಂಡ ಮೇಲೆ, ಎಲ್ಲ ತೊಳೆದು ಹೊಸ ಹಾಸು ಹಾಕಿದ ಗೂಡಿಗೆ ಮೂರನ್ನೂ ಒಟ್ಟಿಗೇ ಬಿಡಬೇಕು.

ನಾನು ಮಾಡುವ ಕ್ರಮ ಹೇಳುತ್ತೇನೆ ಕೇಳಿ ಮೇಡಂ.

ಮೊದಲು ಹೊತ್ತು. ಏಪ್ರಿಲ್‌ನಲ್ಲಿ ಮೈಸೂರಲ್ಲೂ 35 ಡಿಗ್ರಿ ಮುಟ್ಟುತ್ತದೆ, ನಮ್ಮ ಮಂಡ್ಯದಲ್ಲಿ ಕೇಳುವುದೇ ಬೇಡ. ಇವುಗಳಿಗೆ ಹಿತವಾಗುವುದು 18ರಿಂದ 24 ಡಿಗ್ರಿ. ಬೆವರುವ ಮೈ ಅಲ್ಲ. ಬಿಸಿಲಲ್ಲಿ ಓಡಾಡಿಸಿ ಅಟ್ಟಾಡಿಸಿದರೆ ಜಗಳಕ್ಕಿಂತ ಮೊದಲು ಶಾಖವೇ ಹೊಡೆಯುತ್ತದೆ. ಬೆಳಗ್ಗೆ ಆರಕ್ಕೆ ಶುರುಮಾಡಿ. ರಜೆಯ ದಿನ ಇರಲಿ, ನೀವು ಇಡೀ ದಿನ ಮನೆಯಲ್ಲಿರಬೇಕು. ರೆಡ್ ಆಕ್ಸೈಡ್ ಅಥವಾ ಮೊಸಾಯಿಕ್ ನೆಲವಿದ್ದರೆ ತಣ್ಣಗಿರುತ್ತದೆ, ಆದರೆ ಜಾರುತ್ತದೆ, ಹಳೆಯ ಬೆಡ್‌ಶೀಟ್ ಹಾಸಿ. ಎಳ್ಳು ಬೆಲ್ಲ ಯಾವತ್ತೂ ಓಡಾಡದ ಕೋಣೆಯಾಗಿರಬೇಕು.

ನಡುವೆ ದೊಡ್ಡ ಗುಡ್ಡೆ ಹುಲ್ಲು ಸುರಿಯಿರಿ. ಬಟ್ಟಲಲ್ಲಿ ಅಲ್ಲ, ಗುಡ್ಡೆ. ಪಕ್ಕದಲ್ಲಿ ಕೊತ್ತಂಬರಿ, ದಪ್ಪ ಮೆಣಸಿನಕಾಯಿ ಚೂರು, ತೊಳೆದ ಗರಿಕೆ ಅಲ್ಲಲ್ಲಿ ಹರಡಿ. ಒಂದೇ ಕಡೆ ಇಟ್ಟರೆ ಒಂದೇ ಕಾವಲು ನಿಲ್ಲುತ್ತದೆ. ಬಾಯಿಗೆ ಕೆಲಸ ಇದ್ದರೆ ಅರ್ಧ ಜಗಳ ಕಡಿಮೆ. ಅಡಗಲು ರಟ್ಟಿನ ಡಬ್ಬಿ ಇಡುವುದಾದರೆ ಎರಡು ಬಾಗಿಲು ಕೊರೆಯಲೇಬೇಕು. ಒಂದೇ ಬಾಗಿಲಿದ್ದರೆ ಒಳಗೆ ಹೋದದ್ದು ಸಿಕ್ಕಿಬೀಳುತ್ತದೆ, ಕಚ್ಚಾಟ ಆಗುವುದು ಅಲ್ಲೇ. ಮೊದಲ ಗಂಟೆ ಡಬ್ಬಿಯೇ ಇಲ್ಲದಿದ್ದರೂ ಸರಿ, ಮೇಲೆ ಒಂದು ಬಟ್ಟೆ ಅಡ್ಡ ಕಟ್ಟಿ ನೆರಳು ಮಾಡಿ.

ಎಳ್ಳು ಬೆಲ್ಲ ಎರಡನ್ನೂ ಒಟ್ಟಿಗೇ ಬಿಡಿ. ಮೊದಲು ಒಂದನ್ನು, ಆಮೇಲೆ ಇನ್ನೊಂದನ್ನು ಎಂದು ಜೋಡಿಯನ್ನು ನೀವೇ ಬೇರೆ ಮಾಡಬೇಡಿ.

ಮುಂದಿನದು ಕಷ್ಟದ ಕೆಲಸ. ಕೈ ಕಟ್ಟಿ ಕೂರಬೇಕು. ಕೊಟ್ಟಿಗೆಗೆ ಹೊಸ ಹಸು ತಂದು ಕಟ್ಟಿದಾಗ ಹಳೆಯವು ಕೊಂಬು ತೋರಿಸುತ್ತವೆ, ನಾವು ಹಗ್ಗ ಸಡಿಲ ಬಿಟ್ಟು ನೋಡುತ್ತೇವಲ್ಲ, ಹಾಗೆ. ಯಾರು ಮೇಲೆ, ಯಾರು ಕೆಳಗೆ ಎಂದು ಅವೇ ತೀರ್ಮಾನ ಮಾಡಬೇಕು. ನೀವು ಪ್ರತಿ ಸಲ ಎತ್ತಿ ಬೇರೆ ಮಾಡಿದರೆ ಆ ತೀರ್ಮಾನ ಆಗುವುದೇ ಇಲ್ಲ. ಮತ್ತೆ ಬಿಟ್ಟಾಗ ಮತ್ತೆ ಮೊದಲಿನಿಂದ.

ಕೈಗೆ ಎಟುಕುವ ಹಾಗೆ ಒಂದು ದಪ್ಪ ಟವೆಲ್ ಮತ್ತು ಕಸದ ಮೊರ ಇಟ್ಟುಕೊಳ್ಳಿ. ನಿಜವಾಗಿ ಕಚ್ಚಾಡಿದರೆ ಮೊರವನ್ನು ನಡುವೆ ತೂರಿಸಿ. ಬರಿಗೈ ಹಾಕಿದರೆ ಬೆರಳಿಗೆ ಆಳವಾಗಿ ಕಚ್ಚುತ್ತವೆ.

ಗ್ರಿಡ್ಮೇಷ್ಟ್ರು_ಪಾಂಡವಪುರ

ಅಕ್ಕನ ಮಾತು ಹೆಣ್ಣುಗಳ ಮಟ್ಟಿಗೆ ಒಪ್ಪುತ್ತೇನೆ. ಒಂದು ಸೇರಿಸುತ್ತೇನೆ. ನೀರಿನ ಬಾಟಲಿ ಮೂರು ಕಡೆ ಇರಲಿ, ಅಡಗುವ ಮನೆ ಮೂರಕ್ಕೆ ನಾಲ್ಕು ಇರಲಿ.

ಎಳ್ಳುಬೆಲ್ಲ_ಕುವೆಂಪುನಗರ

ಕೊಬ್ಬರಿಗೆ ವಾಸಿಯಾಗಿದೆ, ವೈದ್ಯರು ಸರಿ ಎಂದರು. ಈಗ ಮೂರೂ ಊಟದ ಕೋಣೆಯ ನೆಲದ ಮೇಲಿವೆ. ನಾನು ಪಕ್ಕದಲ್ಲೇ ಕೂತು ಟೈಪ್ ಮಾಡುತ್ತಿದ್ದೇನೆ, ಬೇಗ ಯಾರಾದರೂ ಹೇಳಿ.

ಮೊದಲ ಹತ್ತು ನಿಮಿಷ ಮೂಸಿ ನೋಡಿದವು, ಹುಲ್ಲು ತಿಂದವು. ಈಗ ಬೆಲ್ಲ ಗಂಟಲಲ್ಲಿ ಗುರ್ ಗುರ್ ಎನ್ನುತ್ತಾ ಸೊಂಟ ಅಲ್ಲಾಡಿಸಿಕೊಂಡು ಕೊಬ್ಬರಿಯ ಸುತ್ತ ಸುತ್ತುತ್ತಿದ್ದಾಳೆ. ಅಟ್ಟಿಸಿಕೊಂಡು ಹೋಗಿ ಮೇಲೆ ಹತ್ತುತ್ತಾಳೆ. ಕೊಬ್ಬರಿ ಜೋರಾಗಿ ಕಿರುಚುತ್ತಾಳೆ. ಎಳ್ಳು ನೋಡುತ್ತಾ ಕೂತಿದ್ದಾಳೆ. ಮಗಳು ಅಳುತ್ತಿದ್ದಾಳೆ. ಬೇರೆ ಮಾಡಲಾ?

ಹುಲ್ಲುಮೆದೆ_ಮಂಡ್ಯ

ಬೇಡ. ರಕ್ತ ಬಂದಿದೆಯಾ? ಇಲ್ಲ ಅಲ್ವಾ? ಹಾಗಾದರೆ ಕೂತಲ್ಲೇ ಕೂರಿ.

ಗುರ್ ಎಂದು ಸೊಂಟ ಅಲ್ಲಾಡಿಸುವುದು, ಅಟ್ಟುವುದು, ಮೇಲೆ ಹತ್ತುವುದು, ಮೂಗು ಎತ್ತಿ ಎತ್ತಿ ತೋರಿಸುವುದು, ಹಿಂಭಾಗ ಮೂಸುವುದು, ಇವೆಲ್ಲ ನಾನು ಇಲ್ಲಿ ಹಿರಿಯಳು ಎನ್ನುವ ಮಾತು. ಹೆಣ್ಣುಗಳೂ ಹತ್ತುತ್ತವೆ, ಗಾಬರಿ ಬೇಡ. ಮರಿ ಕಿರುಚುವುದು ನೋವಿಗಲ್ಲ, ಒಪ್ಪಿಕೊಂಡೆ ಬಿಟ್ಟುಬಿಡು ಎನ್ನುವುದಕ್ಕೆ. ಕಿರುಚಿ ಓಡಿಹೋದರೆ ಅದು ಒಳ್ಳೆಯ ಲಕ್ಷಣ, ಎದುರು ನಿಂತಿಲ್ಲ ಎಂದರ್ಥ.

ನೀವು ಹೆದರಬೇಕಾದದ್ದು ಬೇರೆ. ಎರಡು ಎದುರುಬದುರು ನಿಂತು, ಕತ್ತಿನ ಕೂದಲು ನಿಮಿರಿ, ಹಲ್ಲು ಕಟಕಟ ಕಡಿಯುವುದನ್ನು ನಿಲ್ಲಿಸದೆ, ಬಾಯಿ ದೊಡ್ಡದಾಗಿ ತೆರೆದು ಹಲ್ಲು ತೋರಿಸಿದರೆ ಮೊರ ಕೈಗೆ ತೆಗೆದುಕೊಳ್ಳಿ. ಮೈಗೆ ಮೈ ಸುತ್ತಿ ಉಂಡೆಯಾಗಿ ಉರುಳಿದರೆ ಆ ಕ್ಷಣ ಬೇರೆ ಮಾಡಿ. ರಕ್ತ ಬಂದರೆ ಆ ದಿನಕ್ಕೆ ಮುಗಿಯಿತು. ಒಂದೆರಡು ಸಲ ಹಲ್ಲು ಕಟಕಟ ಎಂದು ಸುಮ್ಮನಾದರೆ ಪರವಾಗಿಲ್ಲ.

ಮಗಳನ್ನು ಒಳಗೆ ಕಳಿಸಿ ಮೇಡಂ, ಪಾಪ. ಇನ್ನೊಂದಿಷ್ಟು ಹುಲ್ಲು ಸುರಿಯಿರಿ.

ಪಶುವೈದ್ಯ_ಮೈಸೂರು

ಒಂದು ವಿಷಯ ಸೇರಿಸುತ್ತೇನೆ. ಹೆಣ್ಣಿಗೆ 15ರಿಂದ 17 ದಿನಕ್ಕೊಮ್ಮೆ ಬೆದೆ ಬರುತ್ತದೆ. ಆ ದಿನ ಇಂಥ ಗುರ್ ಸದ್ದು, ಹತ್ತುವುದು ಸಹಜವಾಗಿಯೇ ಜಾಸ್ತಿ. ಹಾಗಾಗಿ ಬೆಲ್ಲಕ್ಕೆ ಕೊಬ್ಬರಿಯ ಮೇಲೆ ದ್ವೇಷ ಎಂದು ಒಂದು ದಿನದಲ್ಲಿ ತೀರ್ಮಾನ ಮಾಡಬೇಡಿ.

ನೀರು ಕುಡಿಯುತ್ತಿವೆಯಾ, ಉಸಿರಾಟ ಹೇಗಿದೆ ನೋಡಿ. ಬಾಯಿ ತೆರೆದು ಉಸಿರಾಡುವುದು, ಜೊಲ್ಲು ಸುರಿಸುವುದು, ಕಾಲು ಚಾಚಿ ಸುಸ್ತಾಗಿ ಬೀಳುವುದು ಕಂಡರೆ ಅದು ಶಾಖ. ತಣ್ಣನೆ ಜಾಗಕ್ಕೆ ಒಯ್ದು ಕಿವಿ, ಪಾದಕ್ಕೆ ಒದ್ದೆ ಬಟ್ಟೆ ಒತ್ತಿ, ವೈದ್ಯರ ಹತ್ತಿರ ಹೊರಡಿ. ಐಸ್ ನೀರಿನಲ್ಲಿ ಮುಳುಗಿಸಬೇಡಿ. ಬಾಟಲಿಯಲ್ಲಿ ನೀರು ಹಾಕಿ ಫ್ರೀಜರಿನಲ್ಲಿ ಗಟ್ಟಿ ಮಾಡಿ, ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟರೆ ಬೇಕಾದದ್ದು ಹೋಗಿ ಒರಗಿಕೊಳ್ಳುತ್ತದೆ.

ಎಳ್ಳುಬೆಲ್ಲ_ಕುವೆಂಪುನಗರ

ಉಸಿರಾಟ ಸರಿ ಇದೆ. ಬೇರೆ ಮಾಡಲಿಲ್ಲ. ನಿಜ ಹೇಳುತ್ತೇನೆ, ಕೈ ಹಿಂದಕ್ಕೆ ಕಟ್ಟಿಕೊಂಡು ಕೂರುವುದು ತುಂಬಾ ಕಷ್ಟವಾಯಿತು. ಮಧ್ಯಾಹ್ನದ ಹೊತ್ತಿಗೆ ಅಟ್ಟುವುದು ಕಡಿಮೆಯಾಯಿತು. ಮೂರೂ ಹುಲ್ಲಿನ ಗುಡ್ಡೆಯ ಮೂರು ಕಡೆ ಕೂತು ತಿಂದವು. ಸಂಜೆ ಹೊಸ ಗೂಡಿಗೆ ಒಟ್ಟಿಗೇ ಬಿಟ್ಟೆವು. ಮೇಷ್ಟ್ರು ಹೇಳಿದ ಅಳತೆಯೇ, ಎರಡು ಬಾಗಿಲಿನ ರಟ್ಟಿನ ಮನೆಗಳು. ಗೂಡಿಗೆ ಹೋದ ಮೇಲೆ ಬೆಲ್ಲ ಮತ್ತೆ ಸ್ವಲ್ಪ ಅಟ್ಟಿದಳು.

ಹುಲ್ಲುಮೆದೆ_ಮಂಡ್ಯ

ಜಾಗ ಬದಲಾದಾಗ ಮತ್ತೆ ಒಮ್ಮೆ ಅಟ್ಟುತ್ತವೆ, ಅದು ಲೆಕ್ಕದಲ್ಲಿ ಇರುವುದೇ. ಪೂರ್ತಿ ತಣ್ಣಗಾಗಲು ಎರಡು ವಾರ ಹಿಡಿಯಬಹುದು. ಅಲ್ಲಿಯವರೆಗೆ ಅಡುಗೆಮನೆಯ ತಕ್ಕಡಿಯಲ್ಲಿ ಮೂರನ್ನೂ ತೂಗಿ ಬರೆದಿಡಿ. ಸದ್ದು ಗದ್ದಲಕ್ಕಿಂತ ತೂಕವೇ ನಿಜ ಹೇಳುತ್ತದೆ. ಕೊಬ್ಬರಿಯ ತೂಕ ಏರುತ್ತಿದ್ದರೆ ಅವಳಿಗೆ ಊಟ ಸಿಗುತ್ತಿದೆ. ಇಳಿಯುತ್ತಿದ್ದರೆ ಯಾರೋ ಹುಲ್ಲಿನ ಹತ್ತಿರ ಬಿಡುತ್ತಿಲ್ಲ, ಅಥವಾ ಹಲ್ಲಿನ ತೊಂದರೆ.

ಹೂಟಗಳ್ಳಿ_ಗೃಹಿಣಿ

ನೀವೆಲ್ಲ ಹುಲ್ಲು ಗುಡ್ಡೆ ಎನ್ನುತ್ತೀರಿ. ಮೂರಕ್ಕೆ ಅಷ್ಟು ಟಿಮೊಥಿ ಎಂಬ ಪ್ಯಾಕೆಟ್ ಒಣಹುಲ್ಲು ತರಿಸಿದರೆ ಖರ್ಚು ಎಷ್ಟಾಗುತ್ತದೆ! ನಮ್ಮ ಕಡೆ ಭತ್ತದ ಹುಲ್ಲು ರಾಶಿ ರಾಶಿ ಇದೆ, ಅದು ಆಗುವುದಿಲ್ಲವಾ?

ಹುಲ್ಲುಮೆದೆ_ಮಂಡ್ಯ

ಭತ್ತದ ಹುಲ್ಲು ಹಾಸಲು ಆಗುತ್ತದೆ, ಹೊಟ್ಟೆಗೆ ಅದೊಂದೇ ಸಾಲದು. ಸತ್ವ ಕಡಿಮೆ. ಆದರೆ ಪ್ಯಾಕೆಟ್ ಹುಲ್ಲೇ ಬೇಕು ಎಂದೂ ಇಲ್ಲ. ಔಷಧಿ ಹೊಡೆಯದ ಜಾಗದ ಗರಿಕೆ, ದನಕ್ಕೆ ಬೆಳೆಯುವ ನೇಪಿಯರ್ ಹುಲ್ಲಿನ ಎಳೆಯ ಗರಿ, ಎರಡನ್ನೂ ಕೊಯ್ದು ನೆರಳಲ್ಲಿ ಒಣಗಿಸಿ ಚೀಲದಲ್ಲಿ ತುಂಬಿಡಿ. ಹಸಿಯದನ್ನೂ ಕೊಡಬಹುದು, ಅಭ್ಯಾಸ ಇಲ್ಲದಿದ್ದರೆ ದಿನಕ್ಕಿಷ್ಟು ಎಂದು ಏರಿಸುತ್ತಾ ಹೋಗಿ. ಹಲ್ಲು ಬದುಕಿಡೀ ಬೆಳೆಯುತ್ತಲೇ ಇರುತ್ತದೆ, ಸವೆಸುವುದು ಹುಲ್ಲೇ. ಕುದುರೆ ಮಸಾಲೆ ಸೊಪ್ಪು ದೊಡ್ಡವಕ್ಕೆ ದಿನಾ ಬೇಡ. ಸುಣ್ಣದ ಅಂಶ ಜಾಸ್ತಿ, ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ. ಮರಿಗಳಿಗೆ, ಬಸಿರಿಗೆ ಸರಿ. ಹಿಪ್ಪುನೇರಳೆ ಎಲೆ ಇಷ್ಟಪಟ್ಟು ತಿನ್ನುತ್ತವೆ, ಆಗಾಗ ಒಂದೆರಡು ಎಲೆ ಸಾಕು. ರೇಷ್ಮೆಯವರ ತೋಟದ್ದಾದರೆ ಯಾವ ಔಷಧಿ ಹೊಡೆದಿದ್ದಾರೆ ಕೇಳಿಕೊಳ್ಳಿ.

ಪಶುವೈದ್ಯ_ಮೈಸೂರು

ಇವುಗಳ ದೇಹ ನಮ್ಮ ಹಾಗೆಯೇ ಸಿ ವಿಟಮಿನ್ ತಯಾರಿಸುವುದಿಲ್ಲ. ದಿನಕ್ಕೆ ಕಿಲೋ ತೂಕಕ್ಕೆ 10ರಿಂದ 30 ಮಿ.ಗ್ರಾಂ ಬೇಕು. ಬೇರೆ ಇಟ್ಟಾಗಿನ ಬೇಸರ, ಹೊಸ ಜಾಗದ ಒತ್ತಡ ಇರುವಾಗ ಇದನ್ನು ಮರೆಯಬಾರದು. ದಿನಾ ದಪ್ಪ ಮೆಣಸಿನಕಾಯಿ ಕೊಟ್ಟರೆ ಸಾಕಾಗುತ್ತದೆ. ಸೀಬೆಹಣ್ಣಿನ ಸಣ್ಣ ಚೂರು ವಾರಕ್ಕೆ ಒಂದೆರಡು ಸಲ. ನೀರಿಗೆ ಬೆರೆಸುವ ಡ್ರಾಪ್ಸ್ ಬೇಡ, ಬೆಳಕಿಗೆ ಬೇಗ ಕೆಡುತ್ತದೆ. ರುಚಿ ಬದಲಾಗಿ ನೀರು ಕುಡಿಯುವುದನ್ನೇ ಬಿಡುತ್ತವೆ.

ಎಳ್ಳುಬೆಲ್ಲ_ಕುವೆಂಪುನಗರ

ಯುಗಾದಿ ಕಳೆದ ಮೇಲೆ ಬರೆಯುತ್ತಿದ್ದೇನೆ. ಅಟ್ಟುವುದು ಈಗ ಊಟದ ಹೊತ್ತಿಗೆ ಮಾತ್ರ, ಅದೂ ಎರಡು ಹೆಜ್ಜೆ. ಕೊಬ್ಬರಿಯ ತೂಕ ಏರುತ್ತಿದೆ. ಎಳ್ಳು ಬೆಲ್ಲ ಮೊದಲಿನ ಹಾಗೆಯೇ ಒಂದೇ ಮೂಲೆಯಲ್ಲಿ ಮಲಗುತ್ತವೆ. ಕೊಬ್ಬರಿ ಒಂದು ಗೇಣು ದೂರ ಮಲಗುತ್ತಾಳೆ. ಓಡಾಡುವಾಗ ಮಾತ್ರ ಮೂರೂ ಸಾಲಾಗಿ ಹೋಗುತ್ತವೆ, ಎಳ್ಳು ಮುಂದೆ. ಆ ಒಂದು ಗೇಣು ಹೀಗೇ ಉಳಿದರೆ ಅವಳಿಗೆ ಬೇಸರವಾಗುತ್ತದಾ?

ಹುಲ್ಲುಮೆದೆ_ಮಂಡ್ಯ

ಇಲ್ಲ ಮೇಡಂ. ಸಾಲಾಗಿ ಹೋಗುತ್ತವೆ ಎಂದರೆ ಗುಂಪಿಗೆ ಸೇರಿಸಿಕೊಂಡಿವೆ. ಒತ್ತಿಕೊಂಡೇ ಮಲಗಬೇಕು ಎಂದಿಲ್ಲ, ಕೆಲವು ಗಿನಿ ಪಿಗ್ ಯಾವತ್ತೂ ಒತ್ತಿಕೊಳ್ಳುವುದಿಲ್ಲ. ಅದೂ ಈ ಸೆಕೆಯಲ್ಲಿ ಯಾರು ಒತ್ತಿಕೊಳ್ಳುತ್ತಾರೆ? ನೀವು ಹೆದರಿದ್ದು ಜೋಡಿ ಒಡೆಯುತ್ತದೆ ಎಂದು. ಒಡೆದಿಲ್ಲ ನೋಡಿ. ನನಗೆ ತುಂಬಾ ಖುಷಿಯಾಯಿತು.

ಕಾವೇರಿತೀರ_ಶ್ರೀರಂಗಪಟ್ಟಣ

ಇದನ್ನೆಲ್ಲ ಓದಿ ಆಸೆಯಾಗಿದೆ ಅಕ್ಕ. ನನ್ನ ಹತ್ತಿರ ಎರಡು ಗಂಡು ಇವೆ, ಒಂದು ವರ್ಷದವು, ತುಂಬಾ ಹೊಂದಿಕೊಂಡಿವೆ. ಗೆಳೆಯ ಊರು ಬಿಡುತ್ತಿದ್ದಾನೆ, ಅವನ ಗಂಡು ಮರಿ ತರಬೇಕು ಎಂದಿದ್ದೇನೆ. ಇದೇ ಕ್ರಮ ಮಾಡಿದರೆ ಆಗುತ್ತದಲ್ವಾ?

ಹುಲ್ಲುಮೆದೆ_ಮಂಡ್ಯ

ಇಲ್ಲ ತಮ್ಮ, ಇಲ್ಲಿ ಇದೇ ಕ್ರಮ ನಡೆಯುವುದಿಲ್ಲ. ಎರಡು ಗಂಡು ಹೊಂದಿಕೊಂಡು ಬಾಳುತ್ತವೆ, ಮೂರು ಗಂಡು ಸಾಮಾನ್ಯವಾಗಿ ಆಗುವುದೇ ಇಲ್ಲ. ಮೂರನೆಯದು ಬಂದರೆ ಯಾರು ಮೇಲೆ ಎಂಬ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ. ಅದರಲ್ಲೂ ಮೂರು ತಿಂಗಳಿಂದ ಒಂದು ವರ್ಷದ ಆಚೆಯವರೆಗೆ ಗಂಡುಗಳಿಗೆ ಹುಚ್ಚು ವಯಸ್ಸು. ಈಗ ಮರಿ ಎಂದು ಒಪ್ಪಿಕೊಂಡರೂ ಅದು ಬೆಳೆದಾಗ ಯುದ್ಧ. ಒಮ್ಮೆ ರಕ್ತ ಬಂದ ಗಂಡುಗಳು ಮತ್ತೆ ಸೇರುವುದು ಅಪರೂಪ. ಹಳೆಯ ಎರಡೂ ಕೈ ತಪ್ಪುತ್ತವೆ.

ಪಶುವೈದ್ಯ_ಮೈಸೂರು

ಒಪ್ಪುತ್ತೇನೆ. ಬೀಜ ತೆಗೆಸಿದರೆ ಗಂಡುಗಳ ನಡುವಿನ ಜಗಳ ನಿಲ್ಲುತ್ತದೆ ಎಂದೂ ನಂಬಬೇಡಿ, ಅವುಗಳ ಸ್ವಭಾವ ಹೆಚ್ಚು ಬದಲಾಗುವುದಿಲ್ಲ. ಬೀಜ ತೆಗೆಸಿದ ಗಂಡನ್ನು ಹೆಣ್ಣುಗಳ ಜೊತೆ ಇಡುವುದು ಮಾತ್ರ ಒಳ್ಳೆಯ ಹೊಂದಾಣಿಕೆ. ಅದಕ್ಕೂ ಆಪರೇಷನ್ ಆಗಿ ಆರು ವಾರ ಕಾಯಬೇಕು, ಅಲ್ಲಿಯವರೆಗೆ ಗರ್ಭ ಕಟ್ಟಿಸಬಲ್ಲದು. ಅರಿವಳಿಕೆ ಇವುಗಳಿಗೆ ಸ್ವಲ್ಪ ಅಪಾಯದ್ದೇ, ಅನುಭವ ಇರುವ ಕೈ ಬೇಕು.

ಕಾವೇರಿತೀರ_ಶ್ರೀರಂಗಪಟ್ಟಣ

ಹಾಗಾದರೆ ಆ ಮರಿಯನ್ನು ಬೇಡ ಎನ್ನಲಾ? ಒಂಟಿಯಾಗಿಬಿಡುತ್ತದಲ್ಲ.

ಗ್ರಿಡ್ಮೇಷ್ಟ್ರು_ಪಾಂಡವಪುರ

ತಮ್ಮ, ಮೊದಲು ಒಂದೇ ಗಂಡು ಸಾಕಿರುವವರು ಯಾರಾದರೂ ಇದ್ದಾರಾ ಹುಡುಕು. ಮರಿ ಗಂಡು, ದೊಡ್ಡ ಗಂಡು ಚೆನ್ನಾಗಿ ಕೂಡಿಕೊಳ್ಳುತ್ತವೆ. ಆಗ ಎರಡು ಮನೆಯಲ್ಲೂ ಜೋಡಿ ಜೋಡಿ ಆಗುತ್ತದೆ. ಯಾರೂ ಸಿಗದೆ ನೀನೇ ತರಬೇಕಾದರೆ ನಿನ್ನ ಜೋಡಿಯ ಗೂಡಿನ ಪಕ್ಕಕ್ಕೆ ಅಂಟಿಸಿ ಬೇರೆ ಗೂಡು ಮಾಡು, ನಡುವೆ ಗ್ರಿಡ್. ಹುಲ್ಲುಮೆದೆ ಅಕ್ಕ ಹೆಣ್ಣುಗಳಿಗೆ ಬೇಡ ಎಂದದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಈ ಗ್ರಿಡ್ ತೆಗೆಯುವುದೇ ಇಲ್ಲ. ನೋಡಬಹುದು, ಮಾತಾಡಬಹುದು, ಕಚ್ಚಲು ಆಗುವುದಿಲ್ಲ.

ಜೋಡಿಯ ಕಡೆ ಅಗಲಕ್ಕೆ 2, ಉದ್ದಕ್ಕೆ 4 ಗ್ರಿಡ್ ಉಳಿಯಬೇಕು, ಸುಮಾರು 11 ಚದರ ಅಡಿ. ಮರಿಗಾಗಿ ಅದರಿಂದ ಕದಿಯಬೇಡ, ಪಕ್ಕದಲ್ಲಿ ಹೊಸದಾಗಿ ಜೋಡಿಸು. ನಡುವಿನ ಗ್ರಿಡ್‌ನ ಕಿಂಡಿ ಒಂದೂವರೆ ಇಂಚಿಗಿಂತ ದೊಡ್ಡದಿದ್ದರೆ ಮರಿ ತಲೆ ತೂರಿಸುತ್ತದೆ, ಎರಡು ಗ್ರಿಡ್ ಒಂದರ ಮೇಲೊಂದು ಸರಿಸಿ ಕಟ್ಟು. ಎರಡೂ ಕಡೆಯ ಹುಲ್ಲಿನ ಬುಟ್ಟಿಯನ್ನು ಆ ನಡುವಿನ ಗ್ರಿಡ್‌ಗೇ ತಗುಲಿಸು, ಎದುರುಬದುರು ಕೂತು ತಿನ್ನುತ್ತವೆ. ಕೇಬಲ್ ಟೈನ ತುದಿ ಚೂಪಾಗಿ ಬಿಡಬೇಡ, ಕಣ್ಣಿಗೆ ಚುಚ್ಚುತ್ತದೆ. ಬುಡಕ್ಕೆ ಕತ್ತರಿಸಿ ಗಂಟನ್ನು ಹೊರಗಡೆಗೆ ತಿರುಗಿಸು. ಭಾನುವಾರ ನಾನು ಶ್ರೀರಂಗಪಟ್ಟಣಕ್ಕೆ ಬರುವುದಿದೆ, ಗ್ರಿಡ್ ತಂದಿಟ್ಟಿದ್ದರೆ ಕೂತು ಜೋಡಿಸಿ ಕೊಡುತ್ತೇನೆ.